ದಾನಮ್ಮಕ್ಕನ ಮನೆಯ ಸರದಿ

ಬುಧವಾರದ ಪ್ರಾರ್ಥನೆ ಮುಗಿದು ಚಹಾ ಬರುವ ಮೊದಲು ರವಿಕಾಂತಣ್ಣ ಒಂದು ಮಾತು ಕೇಳುವುದು ರೂಢಿ. "ಮುಂದಿನ ಬುಧವಾರ ಯಾರ ಮನ್ಯಾಗ?" ಕೇಳುವುದು ಹೆಸರಿಗಷ್ಟೇ, ಯಾರ ಸರದಿ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಆ ಮನೆಯ ಹೆಂಗಸು ಸೆರಗು ಸರಿಮಾಡಿಕೊಂಡು, "ಕರ್ತನ ಚಿತ್ತ ಇದ್ರ, ನಮ್ಮ ಮನ್ಯಾಗ" ಎನ್ನಬೇಕು. ಅಷ್ಟು ಹೇಳಿದ ಮೇಲೆಯೇ ಚಹಾ.

ನಾವು ಬೀದರ್ ಕಡೆಯವರು. ನಾಸಿಕದ ಸಾತಪುರದ ಕಾರ್ಖಾನೆಗಳಿಗೆ ಗಂಡಂದಿರು ಬಂದರು, ಅವರ ಹಿಂದೆ ನಾವು ಬಂದೆವು. ಭಾನುವಾರ ಮರಾಠಿ ಚರ್ಚಿಗೆ ಹೋಗುತ್ತೇವೆ. ಅಲ್ಲಿಯ ಹಾಡುಗಳೂ ಈಗ ಬಾಯಿಗೆ ಬಂದಿವೆ. ಆದರೆ ಮಗುವಿಗೆ ಜ್ವರ ಏರಿದಾಗ ಬಾಯಿಗೆ ಬರುವುದು ಕನ್ನಡವೇ. ಅದಕ್ಕೇ ಈ ಬುಧವಾರದ ಕೂಟ, ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ. ಸರದಿ ಬಂದ ಮನೆಯವರು ಜಮಖಾನ ಹಾಸುತ್ತಾರೆ, ಮೊದಲ ಹಾಡು ಯಾವುದೆಂದು ಹೇಳುತ್ತಾರೆ, ಎಲ್ಲರಿಗೂ ಬಡಿಸಿ ಕೊನೆಗೆ ತಾವು ಉಣ್ಣುತ್ತಾರೆ. ಹೊರಡುವ ಮುನ್ನ ನಾವೆಲ್ಲ ಎದ್ದು ನಿಂತು ಆ ಮನೆಯ ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥಿಸುತ್ತೇವೆ.

ಆ ಬುಧವಾರ ಸುವಾರ್ತಮ್ಮನ ಮನೆಯಲ್ಲಿ ಕೂಡಿದ್ದೆವು. ಮಾತಿನಲ್ಲಾಗಲಿ ಎಣ್ಣೆಯಲ್ಲಾಗಲಿ ಕೈ ಬಿಗಿ ಹಿಡಿದು ಗೊತ್ತಿಲ್ಲದವಳು ಸುವಾರ್ತಮ್ಮ. ಕಡೆಯ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗಲೇ ಒಳಗಿನಿಂದ ಭಜಿಯ ವಾಸನೆ ಬರುತ್ತಿತ್ತು. ರವಿಕಾಂತಣ್ಣ ರೂಢಿಯ ಮಾತು ಕೇಳಿದಾಗ ಗೋಡೆಗೆ ಒರಗಿದ್ದ ದಾನಮ್ಮಕ್ಕ ಸೆರಗು ಸರಿಮಾಡಿಕೊಂಡಳು.

"ಈ ಸಲ ನಮ್ಮ ಮನ್ಯಾಗ ಇಡ್ರಿ, ರವಿಕಾಂತಪ್ಪಾ. ಸರದಿ ನಮ್ಮದೇ ಅದ."

"ನಿಮಗ್ಯಾಕ್ರಿ ಅಕ್ಕಾ ತ್ರಾಸ," ಎಂದ ರವಿಕಾಂತಣ್ಣ. "ಮಾದೇವಣ್ಣಗ ನೋಡ್ಕೊಳ್ಳೋದೇ ನಿಮಗ ದೊಡ್ಡ ಸೇವಾ."

"ಒಂದೇ ಖೋಲಿ, ಅದ್ರಾಗ ಅವರ ಖಾಟ್," ಎಂದಳು ಸುವಾರ್ತಮ್ಮ ಭಜಿಯ ತಟ್ಟೆ ಹಿಡಿದು ಹೊರಗೆ ಬರುತ್ತ. "ನಾ ಒಬ್ಬಾಕಿ ಬಂದ್ರ ಖೋಲಿ ತುಂಬ್ತದ. ಉಳಿದವರು ಎಲ್ಲಿ ಕೂಡ್ತೀರಿ, ನನ್ನ ತಲಿ ಮ್ಯಾಲ? ನೀವು ಇಲ್ಲೇ ಬರ್ರಿ ಅಕ್ಕಾ, ಆರಾಮ ಕೂಡ್ರಿ, ಉಣ್ರಿ."

ಎಲ್ಲರೂ ನಕ್ಕರು. ದಾನಮ್ಮಕ್ಕನೂ ನಕ್ಕಳು. ಸರದಿ ಅವಳನ್ನು ದಾಟಿ ನನ್ನ ಹತ್ತಿರ ಬಂತು. ನಾನು ಸೆರಗು ಸರಿಮಾಡಿಕೊಂಡು, "ಕರ್ತನ ಚಿತ್ತ ಇದ್ರ, ನಮ್ಮ ಮನ್ಯಾಗ" ಎಂದೆ. ಚಹಾ ಬಂತು.

ದಾನಮ್ಮಕ್ಕನ ಗಂಡ ಮಹಾದೇವಪ್ಪನಿಗೆ, ನಮ್ಮ ಮಾದೇವಣ್ಣನಿಗೆ, ಹೋದ ಮಳೆಗಾಲದಲ್ಲಿ ಲಕ್ವಾ ಹೊಡೆದಿತ್ತು. ಬಲಗೈ ಬಲಗಾಲು ನಿಂತುಹೋದವು. ಮಾತು ಒಂದೋ ಎರಡೋ, ಅವೂ ಬಾಯಲ್ಲಿ ತಿರುತಿರುಗಿ ಹೊರಗೆ ಬರಬೇಕು. ಅದಕ್ಕಿಂತ ಮೊದಲು ನಮ್ಮ ಕೂಟದ ಗಂಟಲೇ ಅವನು. ಕಳೆದ ಕುರಿಮರಿಯನ್ನು ಕುರುಬ ಕತ್ತಲಲ್ಲಿ ಕಂದೀಲು ಹಿಡಿದು ಹುಡುಕುವ ಒಂದು ಹಾಡು ಅವನ ಊರಿನದು. ಅವನು ಒಂದು ಸಾಲು ಎತ್ತಿದರೆ ನಾವು ಹಿಂದೆ ಹಿಡಿಯುತ್ತಿದ್ದೆವು. ಅವರ ಮನೆಯ ಸರದಿ ಬಂದಾಗಲೆಲ್ಲ ಮೊದಲ ಹಾಡು ಅದೇ. ಅವನು ಮಲಗಿದ ಮೇಲೆ ಅದನ್ನು ಯಾರೂ ಎತ್ತಿರಲಿಲ್ಲ.

ನಮಗೆ ಅವರ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ವಾರಕ್ಕೊಮ್ಮೆಯಾದರೂ ಯಾರಾದರೊಬ್ಬರ ಮನೆಯಿಂದ ಡಬ್ಬಿ ಹೋಗುತ್ತಿತ್ತು. ನಾನೇ ಎಷ್ಟೋ ಸಲ ಒಯ್ದಿದ್ದೇನೆ. "ಒಳಗ ಬಾ ತಂಗೀ" ಎನ್ನುತ್ತಿದ್ದಳು ದಾನಮ್ಮಕ್ಕ. "ಇಲ್ಲಕ್ಕಾ, ಗ್ಯಾಸಿನ ಮ್ಯಾಲ ಹಾಲಿಟ್ಟು ಬಂದೀನಿ" ಎಂದು ನಾನು ಹೊಸ್ತಿಲಲ್ಲೇ ಡಬ್ಬಿ ಕೊಟ್ಟು ತಿರುಗುತ್ತಿದ್ದೆ. ಬುಧವಾರ ಪ್ರಾರ್ಥನೆಯ ವಿಷಯ ಹೇಳಿರೆಂದರೆ ಮೊದಲ ಹೆಸರು ಮಾದೇವಣ್ಣನದೇ. ಆಮೇಲೆ ಮಕ್ಕಳ ಪರೀಕ್ಷೆ, ಗಂಡಂದಿರ ಶಿಫ್ಟು, ಎಲ್ಲರ ಆರೋಗ್ಯ. ಅದಕ್ಕಿಂತ ಹೆಚ್ಚಿಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಎಲ್ಲರ ಮನೆಯೂ ಒರೆಸಿಟ್ಟ ಹಾಗೆ ಕಾಣುತ್ತಿತ್ತು.

ದಾನಮ್ಮಕ್ಕ ಇನ್ನೊಮ್ಮೆ ಕೇಳಿದಳು. ಆ ಸಲ ರವಿಕಾಂತಣ್ಣ, "ಮಾದೇವಣ್ಣಗ ಸ್ವಲ್ಪ ಆರಾಮ ಆಗ್ಲಿ ಅಕ್ಕಾ, ಆಗ ದೊಡ್ಡ ಸ್ತೋತ್ರ ಪ್ರಾರ್ಥನಾನೇ ಇಡೋಣು" ಎಂದ. ಅವಳು ತಲೆಯಾಡಿಸಿದಳು. ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಪಾಪ, ಬಿಡುವಾಗಿರಲಿಕ್ಕಿಲ್ಲ ಎಂದುಕೊಂಡು ಅವಳಿಗಾಗಿ ಪ್ರಾರ್ಥಿಸಿದೆವು.

ಒಂದು ಮಧ್ಯಾಹ್ನ ಬಟ್ಟೆ ಒಣಹಾಕಿ, ಖಿಚಡಿಯ ಡಬ್ಬಿ ಕಟ್ಟಿಕೊಂಡು ಅವಳ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಪಾತ್ರೆಗಳೆಲ್ಲ ನೆಲದ ಮೇಲೆ, ಒಂದು ಗೋಣಿಚೀಲದ ಬಾಯಿಗೆ ಹಗ್ಗ ಬಿಗಿದಾಗಿತ್ತು.

"ಬಾ ತಂಗೀ," ಎಂದಳು ದಾನಮ್ಮಕ್ಕ ತಲೆ ಎತ್ತದೆ. "ಗ್ಯಾಸಿನ ಮ್ಯಾಲ ಹಾಲಿಟ್ಟು ಬಂದಿಯೇನು?"

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ. ಮಾದೇವಣ್ಣ ಖಾಟಿನ ಮೇಲೆ ದಿಂಬಿಗೆ ಒರಗಿದ್ದ. ಗಡ್ಡ ಹೆರೆದು, ಎಣ್ಣೆ ಹಚ್ಚಿ ತಲೆ ಬಾಚಿತ್ತು, ಅಂಗಿಯ ಗುಂಡಿ ಮೇಲಿನ ತನಕ ಹಾಕಿತ್ತು. "ಆರಾಮ ಇದ್ದೀರಿ ಅಣ್ಣಾ?" ಎಂದೆ. ತುಟಿ ಅಲುಗಾಡಿ, ಸ್ವಲ್ಪ ಹೊತ್ತಿನ ಮೇಲೆ "ಹೂಂ" ಬಂತು.

"ಮಗಳು ಕರೀಲತ್ತಾಳ, ಔರಂಗಾಬಾದಿಗೆ," ಎಂದಳು ದಾನಮ್ಮಕ್ಕ. ಬಸ್ಸಿನ ಹಲಗೆಯ ಮೇಲೆ ಈಗ ಛತ್ರಪತಿ ಸಂಭಾಜಿನಗರ ಎಂದು ಬರೆದಿದ್ದರೂ ಅವಳ ಬಾಯಲ್ಲಿ ಹಳೆಯ ಹೆಸರೇ. "ವಾಳೂಜದಾಗ ಅಳಿಯಂದು ಕೆಲಸ. ಈ ಐತಾರದೊಳಗ ಹೋಗ್ತೀವಿ."

"ಯಾರಿಗೂ ಹೇಳೇ ಇಲ್ಲಲ್ಲ ಅಕ್ಕಾ."

"ಹೇಳಿದ್ರ ಏನ್ ಮಾಡ್ತಿದ್ರಿ? ಡಬ್ಬಿ ತರ್ತಿದ್ರಿ."

ನನ್ನ ಮಡಿಲಲ್ಲಿ ಡಬ್ಬಿ ಇನ್ನೂ ಬಿಸಿಯಾಗಿತ್ತು. ಅದನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಟ್ರಂಕಿನ ಮೇಲೆ ಮಡಚಿಟ್ಟ ಜಮಖಾನ ಇತ್ತು. ನಾನು ಅದನ್ನು ನೋಡುವುದನ್ನು ಅವಳು ನೋಡಿದಳು.

"ಪ್ರಾರ್ಥನಾಕಂತ ಒಗದಿಟ್ಟಿದ್ದೆ. ಧೂಳು ಕೂತಿತಂತ ಮತ್ತೊಮ್ಮಿ ಒಗದೆ. ಇವರು ಬುಧವಾರ ಬಂತಂದ್ರ ಬಾಗಲಾನೇ ನೋಡೋರು. ಮುಂದಿನ ವಾರ ಬರ್ತಾರ ಅಂತ ನಾ ಸುಳ್ಳ ಹೇಳ್ತಿದ್ದೆ."

"ನಿಮಗ ತ್ರಾಸ ಆಗ್ತದಂತ ಅಕ್ಕಾ..."

"ಆಗ್ತದಲ್ಲ. ಆ ತ್ರಾಸೇ ಬೇಕಾಗಿತ್ತು ನನಗ." ಅವಳು ಹಗ್ಗದ ತುದಿ ಹಲ್ಲಿನಿಂದ ಕಚ್ಚಿ ಎಳೆದಳು. "ಮಂದಿ ಬರೋದು, ಚಪ್ಪಲಿ ಬಾಗಲ ಮುಂದ ರಾಶಿ ಬೀಳೋದು, ಸಕ್ಕರಿ ಸಾಲಲಿಲ್ಲಂತ ಬಾಜೂ ಮನಿಗೆ ಓಡೋದು. ನೀವು ನಮ್ಮ ಸಲುವಾಗಿ ಪ್ರಾರ್ಥನಾ ಮಾಡ್ತೀರಿ. ನಮ್ಮ ಮನ್ಯಾಗ ಕೂತು ಮಾಡಂಗಿಲ್ಲ. ನಮ್ಮ ಮನಿ ಈಗ ಎಲ್ಲಾರ ಮನಿ ಹಂಗ ಇಲ್ಲ ಅಂತ ತಿಳೀತು ನನಗ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಾರಿಗೆ ಉಪ್ಪು ಕಡಿಮೆ ಬಿದ್ದಿದೆ ಎನ್ನುವ ಹಾಗೆ ಹೇಳಿದಳು. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಪಾತ್ರೆ ಕಟ್ಟಲು ಕೈ ಹಚ್ಚಿದೆ, ಅವಳು ಬೇಡವೆನ್ನಲಿಲ್ಲ.

ಮುಂದಿನ ಬುಧವಾರ ರವಿಕಾಂತಣ್ಣನ ಮನೆಯಲ್ಲಿ ಕೂಡಿದಾಗ ಪ್ರಾರ್ಥನೆಯ ವಿಷಯದಲ್ಲಿ ಮತ್ತೆ ಮೊದಲ ಹೆಸರು ಮಾದೇವಣ್ಣನದೇ ಬಂತು.

"ಅವರು ಊರು ಬಿಟ್ಟು ಹೋದ್ರು," ಎಂದೆ ನಾನು. ದಾನಮ್ಮಕ್ಕ ಹೇಳಿದ್ದನ್ನು ಅವಳ ಮಾತಿನಲ್ಲೇ ಹೇಳಿದೆ. ಜಮಖಾನವನ್ನೂ ಬಿಡಲಿಲ್ಲ.

ಸುವಾರ್ತಮ್ಮ ಮೂಗು ಒರೆಸಿಕೊಂಡು, "ಖೋಲಿ ತುಂಬ್ತದಂತ ನಾ ಚ್ಯಾಷ್ಟಿ ಮಾಡಿದ್ದೆ. ಆಕಿ ನಕ್ಕಿದ್ಲಲ್ಲ" ಎಂದಳು.

"ನಾವೆಲ್ಲಾ ನಕ್ಕಿದ್ವಿ. ಆಕಿ ಏನು ಮಾಡ್ಬೇಕಾಗಿತ್ತು?" ಎಂದೆ ನಾನು.

"ವಿಡಿಯೊ ಕಾಲ್ ಹಚ್ಚೋಣು," ಎಂದ ರವಿಕಾಂತಣ್ಣ. "ಬುಧವಾರಕ್ಕೊಮ್ಮಿ ಅವರಿಬ್ಬರನ್ನೂ ಫೋನ್‌ನ್ಯಾಗ ಕೂಡಿಸ್ಕೊಂಡ್ರ ಆತು."

"ಸರದಿ ಮನ್ಯಾಗ ಇರ್ತದ ಅಣ್ಣಾ. ಫೋನಿಗೆ ಯಾರು ಜಮಖಾನ ಹಾಸ್ತಾರ?" ಎಂದೆ. "ನಾವೇ ಅಲ್ಲಿಗೆ ಹೋಗೋಣು."

ಅವನು ಅಷ್ಟು ದೂರ ಎಂದ, ಡ್ಯೂಟಿ ಎಂದ, ಗಾಡಿ ಸಿಗಬೇಕಲ್ಲ ಎಂದ. ಎಂದೂ ಹಿಂದೆ ಸರಿಯದ ಮನುಷ್ಯ. ಅವತ್ತು ಯಾಕೆ ಹೀಗೆ ಎನ್ನಿಸಿತು ನನಗೆ. ಮಾದೇವಣ್ಣನಿಗೂ ಅವನಿಗೂ ಒಂದೇ ಕಾರ್ಖಾನೆ, ಒಂದೇ ಲೇಥ್ ವಿಭಾಗ. ಮೊದಲು ಹೊರಡಬೇಕಾದವನು ಅವನೇ ಆಗಿದ್ದ.

"ಗಾಡಿ ಯೆವಲಾ ಮ್ಯಾಲಿಂದೇ ಹೋಗ್ತದಲ್ಲ?" ಎಂದಳು ಸುವಾರ್ತಮ್ಮ. "ಹಂಗಾರ ನಾ ಬರ್ತೀನಿ."

"ಪ್ರಾರ್ಥನಾಕ ಹೊಂಟೀವೋ ಯೆವಲಾದ ಪೈಠಣಿ ಸೀರಿಗೋ?" ಎಂದೆ.

"ಸೀರಿ ನೋಡಿದ್ರ ಪಾಪ ಏನು? ಕಣ್ಣು ಕೊಟ್ಟಾಂವ ದೇವರೇ."

ನಗು ಬಂತು, ಹೊರಡುವುದು ನಿಶ್ಚಯವಾಯಿತು. ನಾನು ದಾನಮ್ಮಕ್ಕನಿಗೆ ಫೋನು ಮಾಡಿ, "ಶನಿವಾರ ಪ್ರಾರ್ಥನಾ ನಿಮ್ಮ ಮನ್ಯಾಗ ಅಕ್ಕಾ, ಆಗ್ತದೇನು?" ಎಂದು ಕೇಳಿದೆ. ಅವಳು, "ಇದು ಮಗಳ ಮನಿ. ಕೇಳಿ ಹೇಳ್ತೀನಿ" ಎಂದು ಇಟ್ಟಳು. ನಾನು ಕುಕ್ಕರ್ ಇಳಿಸಿ ಒಗ್ಗರಣೆ ಹಾಕುವಷ್ಟರಲ್ಲಿ ಅವಳದೇ ಫೋನು ಬಂತು. "ಎಷ್ಟು ಮಂದಿ ಬರ್ತೀರಿ? ಸರಿಯಾಗಿ ಹೇಳು, ರೊಟ್ಟಿ ಕಡಿಮಿ ಬೀಳಬಾರದು."

ಶನಿವಾರ ಬೆಳಗ್ಗೆ ಕ್ರೂಜರ್ ಗಾಡಿ ಬಂದು ನಿಂತಾಗ ನೋಡಿದರೆ ಎಲ್ಲರ ಕೈಯಲ್ಲೂ ಡಬ್ಬಿ. ಸುವಾರ್ತಮ್ಮನದಂತೂ ಹಾಲಿನವನ ಕ್ಯಾನಿನಷ್ಟು ದೊಡ್ಡದು. ನಾನೂ ಸುಮ್ಮನಿರಲಿಲ್ಲ, ಎದ್ದವಳೇ ಶೇಂಗಾ ಹೋಳಿಗೆ ಮಾಡಿ ಕಟ್ಟಿದ್ದೆ. ರೂಢಿ ಕೈಗೆ ಅಂಟಿಕೊಂಡಿರುತ್ತದೆ, ತಲೆಯನ್ನು ಕೇಳುವುದಿಲ್ಲ. ನನ್ನ ಮಗಳು ಅಪೇಕ್ಷಾ ಪಕ್ಕದಲ್ಲಿ ಕಿವಿಗೆ ವಯರು ಸಿಕ್ಕಿಸಿಕೊಂಡು ಕೂತಳು. ಕನ್ನಡ ಪ್ರಾರ್ಥನೆ ಎಂದರೆ ಅವಳಿಗೆ ಅರ್ಥವಾಗುತ್ತದೆ, ಬಾಯಿ ಬಿಡಲು ನಾಚಿಕೆ.

ಈರುಳ್ಳಿ ತುಂಬಿದ ಲಾರಿಗಳ ಹಿಂದೆ ತೆವಳುತ್ತ ಯೆವಲಾ ದಾಟಿದೆವು. ಸೀರೆಯ ಅಂಗಡಿಗಳು ಹಿಂದೆ ಸರಿಯುವುದನ್ನು ಸುವಾರ್ತಮ್ಮ ಕಿಟಕಿಯಿಂದಲೇ ನೋಡಿದಳು, ನಿಲ್ಲಿಸೆನ್ನಲಿಲ್ಲ. ರವಿಕಾಂತಣ್ಣ ಡ್ರೈವರ್ ಪಕ್ಕದಲ್ಲಿ ಕೂತಿದ್ದ.

ವಾಳೂಜದ ಗಲ್ಲಿಯ ತಿರುವಿನಲ್ಲಿ ದಾನಮ್ಮಕ್ಕ ನಿಂತಿದ್ದಳು. ಇಸ್ತ್ರಿ ಮಾಡಿದ ಸೀರೆ, ಹಣೆಯ ಮೇಲೆ ಒಲೆಯ ಮುಂದಿನ ಬೆವರು. "ವಂದನಾ, ವಂದನಾ" ಎಂದು ಒಬ್ಬೊಬ್ಬರ ಕೈ ಹಿಡಿದಳು. ಆಮೇಲೆ ನಾವು ಗಾಡಿಯಿಂದ ಇಳಿಸುತ್ತಿದ್ದ ಡಬ್ಬಿಗಳನ್ನು ನೋಡಿದಳು. ಒಂದು, ಅದರ ಮೇಲೆ ಇನ್ನೊಂದು.

"ಒಳಗ ಇಡ್ರಿ, ಅಲ್ಲೇ ಬಾಜೂಕ" ಎಂದಳು. ಸಾರಿಗೆ ಉಪ್ಪು ಕಡಿಮೆ ಎನ್ನುವಂಥ ಅದೇ ದನಿ.

ಅವಳ ಹಿಂದೆ ತೆರೆದ ಬಾಗಿಲಿನಿಂದ ಅಡುಗೆಮನೆ ಕಾಣುತ್ತಿತ್ತು. ಬಿಳಿ ಬಟ್ಟೆಯ ಕೆಳಗೆ ಜೋಳದ ರೊಟ್ಟಿಯ ಗುಡ್ಡೆ. ದೊಡ್ಡ ಪಾತ್ರೆಯಲ್ಲಿ ಪುಂಡಿಪಲ್ಲೆ, ಅದರ ಹುಳಿವಾಸನೆ ಹೊಸ್ತಿಲವರೆಗೆ ಬಂದಿತ್ತು. ನನ್ನ ಕೈಯಲ್ಲಿದ್ದ ಹೋಳಿಗೆಯ ಡಬ್ಬಿ ಒಮ್ಮೆಲೇ ಕಲ್ಲಿನಷ್ಟು ಭಾರವಾಯಿತು. ಇಷ್ಟು ದೂರ ಬಂದು ಮತ್ತೆ ಅದನ್ನೇ ಮಾಡುತ್ತಿದ್ದೆವು.

"ಅಪೇಕ್ಷಾ, ಎಲ್ಲಾ ಡಬ್ಬಿ ತಿರುಗಿ ಗಾಡ್ಯಾಗ ಇಡು."

"ಅಯ್ಯ, ಯಾಕ?" ಎಂದಳು ಸುವಾರ್ತಮ್ಮ. "ಕೋಳಿ ಕೂಗೋಕಿಂತ ಮೊದಲು ಎದ್ದು ಮಾಡೀನಿ ನಾ."

ನಾನು ಅವಳ ಮುಖ ನೋಡಿದೆ, ಆಮೇಲೆ ರೊಟ್ಟಿಯ ಕಡೆ ನೋಡಿದೆ. ಅವಳೂ ನೋಡಿದಳು. ಒಂದು ಕ್ಷಣ ಬಾಯಿ ತೆರೆದೇ ಇತ್ತು. ಮರುಕ್ಷಣ ತನ್ನ ಕ್ಯಾನನ್ನು ತಾನೇ ಎತ್ತಿಕೊಂಡು ಡ್ರೈವರ್ ಹತ್ತಿರ ಹೋಗಿ, "ದಾದಾ, ಹೇ ತುಮ್ಹಾಲಾ. ಸಗಳಂ ಖಾ" ಎಂದು ಅವನ ಮಡಿಲಲ್ಲಿಟ್ಟಳು. ಎಲ್ಲವನ್ನೂ ತಿನ್ನು ಎಂದರೆ ಆ ಬಡಕಲು ಮನುಷ್ಯ ಒಮ್ಮೆ ಕ್ಯಾನನ್ನು, ಒಮ್ಮೆ ಅವಳನ್ನು ನೋಡಿದ. "ಸಗಳಂ?" ಎಂದ.

ದಾನಮ್ಮಕ್ಕ ನಕ್ಕಳು. ಸಾತಪುರದಲ್ಲಿ ಅವತ್ತು ನಕ್ಕ ನಗು ಅಲ್ಲ ಅದು.

ಒಳಗೆ ಜಮಖಾನ ಹಾಸಿತ್ತು. ಈ ಖೋಲಿಯೂ ದೊಡ್ಡದೇನಿರಲಿಲ್ಲ. ಮಾದೇವಣ್ಣನ ಖಾಟು ಗೋಡೆಗೆ, ನಾವು ಮೊಣಕಾಲಿಗೆ ಮೊಣಕಾಲು ತಾಗಿಸಿ ನೆಲದಲ್ಲಿ. ಸುವಾರ್ತಮ್ಮ ಬಾಗಿಲಲ್ಲಿ ನಿಂತು, "ನಾ ಎಲ್ಲಿ ಕೂಡ್ಲಿ ಅಕ್ಕಾ?" ಎಂದು ಮೆಲ್ಲಗೆ ಕೇಳಿದಳು. "ನನ್ನ ತಲಿ ಮ್ಯಾಲ ಕೂಡು" ಎಂದು ದಾನಮ್ಮಕ್ಕ ಅವಳನ್ನು ಎಳೆದು ತನ್ನ ಪಕ್ಕಕ್ಕೆ ಕೂಡಿಸಿಕೊಂಡಳು.

"ಮೊದಲ ಹಾಡು ಯಾವುದ್ರಿ ಅಕ್ಕಾ?" ಎಂದು ರವಿಕಾಂತಣ್ಣ ಕೇಳಿದ.

ಅವಳು ಗಂಡನ ಕಡೆ ನೋಡಿದಳು. ಹೆಸರು ಹೇಳುವ ಅವಶ್ಯಕತೆ ಇರಲಿಲ್ಲ. ಕುರುಬನ ಹಾಡು. ಎತ್ತಲು ಯಾರೂ ಇಲ್ಲದ್ದರಿಂದ ದಾನಮ್ಮಕ್ಕನೇ ಎತ್ತಿದಳು, ಕಾಳು ಆರಿಸುವಾಗ ಗುನುಗುವ ಸಣ್ಣ ದನಿಯಲ್ಲಿ. ನಾವು ಹಿಂದೆ ಹಿಡಿದೆವು. ಎರಡನೆಯ ನುಡಿಯಲ್ಲಿ ಖಾಟಿನ ಮೇಲಿಂದ ಒಂದು ಸದ್ದು ಬಂತು. ಮಾತಲ್ಲ, ರಾಗವೂ ಪೂರ್ತಿ ಅಲ್ಲ, ಪ್ರತಿ ಸಾಲಿಗೂ ಒಂದು ಹೆಜ್ಜೆ ಹಿಂದೆ ಬೀಳುತ್ತಿತ್ತು. ನಾವು ಸಾಲಿನ ಕೊನೆಯಲ್ಲಿ ನಿಂತು ಅದು ಬರುವ ತನಕ ಕಾದೆವು. ಹೀಗೆ ಮಾಡೋಣವೆಂದು ಯಾರೂ ಹೇಳಿರಲಿಲ್ಲ. ಆ ಹಾಡು ಅಷ್ಟು ನಿಧಾನವಾಗಿ ನಡೆದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅಪೇಕ್ಷಾ ಕಿವಿಯ ವಯರು ಯಾವಾಗ ತೆಗೆದಳೋ, ಅವಳ ತುಟಿಯೂ ಅಲುಗುತ್ತಿತ್ತು.

ಪ್ರಾರ್ಥನೆಯ ವಿಷಯ ಕೇಳಿದಾಗ ಸುವಾರ್ತಮ್ಮ, "ಮಾದೇವಣ್ಣನ ಆರೋಗ್ಯ" ಎಂದು ಎಂದಿನಂತೆ ಶುರುಮಾಡಿದಳು.

"ಅದು ಎಲ್ಲಾರೂ ಮಾಡ್ತೀರಿ," ಎಂದಳು ದಾನಮ್ಮಕ್ಕ. ನೋಟ ಜಮಖಾನದ ಮೇಲಿತ್ತು. "ನನ್ನ ಸಿಟ್ಟಿನ ಸಲುವಾಗಿ ಮಾಡ್ರಿ. ಇವರಿಗೆ ತುತ್ತು ಹಾಕುವಾಗ ಒಂದೊಂದು ದಿನ ಕೈ ಜೋರ ಆಗ್ತದ. ಬೇಕಂತಲೇ ಆಗ್ತದ. ಆಮ್ಯಾಲ ಪ್ರಾರ್ಥನಾಕ ಕೂತ್ರ ಮಾತೇ ಬರೋದಿಲ್ಲ."

ನಮ್ಮ ಕೂಟದಲ್ಲಿ ಇಂಥ ಮಾತು ಯಾರೂ ಆಡಿರಲಿಲ್ಲ. ಸುವಾರ್ತಮ್ಮ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

ರವಿಕಾಂತಣ್ಣ ಎದ್ದು ಹೋಗಿ ಖಾಟಿನ ಅಂಚಿನಲ್ಲಿ ಕೂತ.

"ಅಕ್ಕಾಗ ತ್ರಾಸ ಆಗ್ತದಂತ ನಾ ಅಂದಿದ್ದು ಅರ್ಧ ಖರೇ, ಮಾದೇವಣ್ಣಾ," ಎಂದ. "ಅರ್ಧ ನನ್ನ ಅಂಜಿಕಿ. ನೀ ಬಿದ್ದ ದಿವಸ ಬಾಜೂ ಮಷೀನಿನ ಮ್ಯಾಲ ನಾನೇ ಇದ್ದೆ. ನಿನ್ನ ಮುಖಾ ನೋಡಿದ್ರ ನಾಳಿ ನಂದೇ ಗತಿ ಇದು ಅನಸ್ತಿತ್ತು. ಅದಕ್ಕ ಬರಲಿಲ್ಲ. ಮಂದೀನೂ ಬರಗೊಡಲಿಲ್ಲ. ದೇವರ ಹೆಸರು ಮುಂದ ಮಾಡಿ ತಪ್ಪಿಸ್ಕೊಂಡೆ."

ಮಾದೇವಣ್ಣ ಅವನನ್ನೇ ನೋಡುತ್ತಿದ್ದ. ಎಡಗೈ ನಿಧಾನವಾಗಿ ಹೊದಿಕೆಯ ಮೇಲೆ ಜರುಗಿ ರವಿಕಾಂತಣ್ಣನ ಮಣಿಕಟ್ಟನ್ನು ಹಿಡಿಯಿತು. ತುಟಿಗಳು ಒಂದನ್ನೊಂದು ಹುಡುಕಿದವು. ಏನೋ ದೊಡ್ಡ ಮಾತು ಬರುತ್ತದೆಂದು ನಾವೆಲ್ಲ ಉಸಿರು ಹಿಡಿದು ಕೂತೆವು.

"ಉಂಡು," ಎಂದ. ಮತ್ತೆ ಉಸಿರು ತೆಗೆದುಕೊಂಡ. "ಉಂಡು... ಹೋಗ್ರಿ."

ಮನೆಯ ಯಜಮಾನ ಬಂದವರಿಗೆ ಹೇಳುವ ಮಾತು. ದಾನಮ್ಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ರವಿಕಾಂತಣ್ಣ ಹೂಂ ಎಂದು ತಲೆಯಾಡಿಸಿದ, ಬಹಳ ಹೊತ್ತು ಆಡಿಸುತ್ತಲೇ ಇದ್ದ.

ಆಮೇಲೆ ಒಬ್ಬೊಬ್ಬರಾಗಿ ಹೇಳಿದೆವು. ನಾನೂ ನನ್ನದೊಂದು ಹೇಳಿದೆ. ಅದು ಆ ಜಮಖಾನದ ಮೇಲೆ ಆಡಿದ ಮಾತು, ಅಲ್ಲಿಯೇ ಇರಲಿ. ಪ್ರಾರ್ಥನೆ ಉದ್ದವಾಯಿತು. ಮಧ್ಯದಲ್ಲಿ ಯಾರೋ ಅತ್ತರು, ಯಾರೂ ಅವರನ್ನು ಸುಮ್ಮನಾಗಿಸಲಿಲ್ಲ. ಕೊನೆಗೆ ಎದ್ದು ನಿಂತು ಆ ಮನೆಯವರ ಹೆಸರು ಹಿಡಿದೆವು. ಮಹಾದೇವಪ್ಪ, ದಾನಮ್ಮ, ಮಗಳು, ಅಳಿಯ.

ಊಟಕ್ಕೆ ಕೂತಾಗ ದಾನಮ್ಮಕ್ಕನಿಗೆ ಯಾರೂ ಸಹಾಯ ಮಾಡಲಿಲ್ಲ. ಏಳಲು ಹೋದ ಸುವಾರ್ತಮ್ಮನ ಸೆರಗನ್ನು ನಾನು ಹಿಡಿದು ಎಳೆದೆ. ದಾನಮ್ಮಕ್ಕ ಒಬ್ಬಳೇ ರೊಟ್ಟಿ ಬಡಿಸಿದಳು, ಪಲ್ಲೆ ಬಡಿಸಿದಳು, ಬೇಡವೆಂದವರ ತಟ್ಟೆಗೂ ಹಾಕಿದಳು. ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತು, "ಯಾರಿಗೆ ಏನು ಬೇಕು, ಸಂಕೋಚ ಮಾಡಬ್ಯಾಡ್ರಿ" ಎಂದಳು. ಸುವಾರ್ತಮ್ಮ ಬೇಕೆಂದೇ ಮತ್ತೆ ಮತ್ತೆ ಪಲ್ಲೆ ಕೇಳಿದಳು. ನಮ್ಮದೆಲ್ಲ ಮುಗಿದ ಮೇಲೆ ಗಂಡನಿಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಉಣ್ಣಿಸಿ, ತಾನು ಒಂದು ತಟ್ಟೆ ಹಾಕಿಕೊಂಡು ಗೋಡೆಗೆ ಒರಗಿ ಕೂತಳು. ನಾವು ಕೈ ತೊಳೆಯಲು ಏಳಲಿಲ್ಲ. ಬೆರಳುಗಳ ಮೇಲೆ ಪಲ್ಲೆ ಒಣಗುತ್ತಿತ್ತು. ಅವಳು ಉಂಡು ಮುಗಿಸುವ ತನಕ ಹಾಗೇ ಮಾತಾಡುತ್ತ ಕೂತೆವು.

"ಇಷ್ಟು ನಿಧಾನ ಉಣ್ತೀರಲ್ಲ ಅಕ್ಕಾ, ಡ್ರೈವರ್ ನನ್ನ ಕ್ಯಾನ್ ಖಾಲಿ ಮಾಡಿ ಬಿಡ್ತಾನ," ಎಂದಳು ಸುವಾರ್ತಮ್ಮ.

"ಮಾಡ್ಲಿ ಬಿಡು. ಆಂವನೂ ಸ್ವಲ್ಪ ತುಂಬ್ಕೋಬೇಕು."

ಹೊರಡುವ ಮೊದಲು ಚಹಾ ಇಟ್ಟಳು. ಸಕ್ಕರೆ ಸಾಲಲಿಲ್ಲ. ಅವಳ ಮಗಳು ಬಟ್ಟಲು ಹಿಡಿದು ಬಾಜೂ ಮನೆಗೆ ಓಡಿದಳು. ಚಹಾ ಕುದಿಯುವ ಹೊತ್ತಿಗೆ ರವಿಕಾಂತಣ್ಣ ಖಾಟಿನ ಅಂಚಿನಿಂದಲೇ ರೂಢಿಯ ಮಾತು ಕೇಳಿದ. ಮುಂದಿನ ಬುಧವಾರದ ಮನೆ ಸುವಾರ್ತಮ್ಮನದು. ಅವಳು ಒಪ್ಪಿಕೊಂಡಳು.

"ಮತ್ತ ನಮ್ಮ ಸರದಿ?" ದಾನಮ್ಮಕ್ಕ ಸೋಸುವ ಬಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಎಲ್ಲಾರ ಮನಿ ಸುತ್ತಿ ಬಂದ ಮ್ಯಾಲ ನಿಮ್ಮ ಸರದಿ ಅಕ್ಕಾ," ಎಂದ ರವಿಕಾಂತಣ್ಣ. "ಮೊದಲೂ ಅಲ್ಲ, ಬಿಟ್ಟೂ ಅಲ್ಲ. ಎಲ್ಲಾರ ಹಂಗ."

ಅವಳು ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಒದ್ದೆ ಕೈಯಿಂದಲೇ ಸೆರಗು ಸರಿಮಾಡಿಕೊಂಡಳು.

"ಕರ್ತನ ಚಿತ್ತ ಇದ್ರ," ಎಂದಳು, "ನಮ್ಮ ಮನ್ಯಾಗ."